ನಮ್ಮ ಆಡು-ಹುಲಿ ಗೇಮ್ ಏಳನೇ ಹಂತದಲ್ಲೇ ಎಲ್ಲರೂ ಬಿಡುತ್ತಿದ್ದಾರೆ. ಟೆಸ್ಟಿಂಗ್ ಮಾಡಿದ ಅನುಭವ ಇದ್ದವರು ಹೇಳಿ

ಪ್ರಶ್ನೆ, ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ತಮ್ಮ ಸೇರಿ ಒಂದು ವರ್ಷದಿಂದ ಒಂದು ಮೊಬೈಲ್ ಗೇಮ್ ಮಾಡುತ್ತಿದ್ದೇವೆ. ನಮ್ಮ ಅಜ್ಜಿ ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ನಮಗೆ ಆಡಿಸುತ್ತಿದ್ದ ಆಡು-ಹುಲಿ ಆಟ ಅದು. 23 ಮನೆ, 3 ಹುಲಿ, 15 ಆಡು. ಹುಲಿ ಆಡಿನ ಮೇಲಿಂದ ಹಾರಿ ಅದನ್ನು ತಿನ್ನುತ್ತದೆ. ಆಡುಗಳು ಸೇರಿಕೊಂಡು ಹುಲಿಗಳು ಅಲುಗಾಡದಂತೆ ಕಟ್ಟಿಹಾಕಬೇಕು. ನಮ್ಮ ಗೇಮಿನಲ್ಲಿ ಹುಲಿ 5 ಆಡು ತಿಂದರೆ ಗೆದ್ದಂತೆ.

ಚಿತ್ರ ನನ್ನದು, ಕೋಡ್ ತಮ್ಮನದು. ಕಂಪ್ಯೂಟರ್ ಎದುರು ಆಡುವ 40 ಹಂತಗಳಿವೆ. ಇಬ್ಬರು ಆಡುವ ಪಂದ್ಯವೂ ಇದೆ. ಹಂತ ಮೇಲೇರಿದ ಹಾಗೆ ಪೊದೆ, ಹಳ್ಳ ಅಂತ ಹೊಸದನ್ನು ಸೇರಿಸಿದ್ದೇವೆ. ಪೊದೆಯಲ್ಲಿ ಕೂತ ಆಡನ್ನು ಹುಲಿ ತಿನ್ನಲಾಗದು. ಹಳ್ಳ ಇರುವ ಗೆರೆ ಮೇಲೆ ಯಾರೂ ಓಡಾಡಲಾಗದು.

ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಪ್ಲೇ ಸ್ಟೋರಿಗೆ ಗೇಮ್ ಬಿಡುವ ಮೊದಲು ಕನಿಷ್ಠ 12 ಜನರಿಂದ ಸತತ 14 ದಿನ ಟೆಸ್ಟ್ ಮಾಡಿಸಬೇಕು ಅಂತ ನಿಯಮ ಇದೆಯಲ್ಲ, ಹಾಗೆ ಗೆಳೆಯರು, ನೆಂಟರು ಸೇರಿ 12 ಜನರಿಗೆ ಕೊಟ್ಟೆವು. 12ರಲ್ಲಿ 9 ಜನ ಏಳನೇ ಹಂತಕ್ಕೆ ಬಂದು ಬಿಟ್ಟಿದ್ದಾರೆ. ಯಾಕೆ ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ, "ಚೆನ್ನಾಗಿದೆ, ಟೈಮ್ ಸಿಗಲಿಲ್ಲ". ಇಬ್ಬರ ಪಂದ್ಯದಲ್ಲಿ ಇನ್ನೊಂದು ತೊಂದರೆ: ಹುಲಿಯೇ ಜಾಸ್ತಿ ಗೆಲ್ಲುತ್ತದೆ. ಕಂಪ್ಯೂಟರ್ ಹುಲಿಯ ಬುದ್ಧಿ ಕಡಿಮೆ ಮಾಡಿ, ಗೆಲ್ಲಲು 5ರ ಬದಲು 7 ಆಡು ಬೇಕು ಅಂತ ಮಾಡೋಣ ಎನ್ನುತ್ತಾನೆ ತಮ್ಮ. ನನಗೆ ಧೈರ್ಯ ಬರುತ್ತಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?


ಬೆಂಗಳೂರಿನಿಂದ, ಗೇಮ್ ಟೆಸ್ಟರ್

ನಿಮ್ಮ ತಮ್ಮನಿಗೆ ಹೇಳಿ, ಸದ್ಯಕ್ಕೆ ಒಂದು ಸಂಖ್ಯೆಯನ್ನೂ ಮುಟ್ಟಬೇಡಿ ಅಂತ. ಜನ ಯಾಕೆ ಬಿಟ್ಟರು ಅನ್ನುವುದೇ ಇನ್ನೂ ನಿಮಗೆ ಗೊತ್ತಿಲ್ಲ. "ಕಷ್ಟ ಆಗಿರಬೇಕು" ಅನ್ನುವುದು ನಿಮ್ಮ ಊಹೆ.

ನಾನು 9 ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಮೊದಲ ನಾಲ್ಕು ವರ್ಷ ಬಗ್ ಹುಡುಕುವುದೇ ಕೆಲಸ. ಗೋಡೆಯೊಳಗೆ ನುಗ್ಗಿ ನೋಡುವುದು, ಒಂದೇ ಬಟನ್ನನ್ನು ನೂರು ಸಲ ಒತ್ತುವುದು, ಆಟದ ಮಧ್ಯೆ ಕರೆ ಬಂದರೆ ಏನಾಗುತ್ತದೆ ಅಂತ ನೋಡುವುದು. ಅದು ಒಂದು ಬಗೆಯ ಟೆಸ್ಟಿಂಗ್. ಗೇಮ್ ಸರಿಯಾಗಿ ನಡೆಯುತ್ತಿದೆಯಾ ಅಂತ ಅದು ಹೇಳುತ್ತದೆ. ಆಡುವವರಿಗೆ ಗೇಮ್ ಅರ್ಥವಾಗುತ್ತಿದೆಯಾ, ಇನ್ನೊಂದು ಆಟ ಆಡೋಣ ಅನ್ನಿಸುತ್ತಿದೆಯಾ ಅಂತ ಹೇಳಲು ಬೇರೆಯೇ ಟೆಸ್ಟ್ ಬೇಕು. ಅದನ್ನು ಪ್ಲೇಟೆಸ್ಟ್ ಅನ್ನುತ್ತೇವೆ. ನಿಮ್ಮ 14 ದಿನದ ಟೆಸ್ಟಿನಲ್ಲಿ ಇವೆರಡೂ ಒಂದಕ್ಕೊಂದು ಕಲಸಿಹೋಗಿವೆ.

ಪ್ಲೇಟೆಸ್ಟ್ ಮಾಡುವುದಕ್ಕೆ ದೊಡ್ಡ ಲ್ಯಾಬ್ ಏನೂ ಬೇಡ. ಗೇಮನ್ನು ಯಾವತ್ತೂ ನೋಡಿರದ ಒಬ್ಬರನ್ನು ಕೂರಿಸಿ. ಫೋನ್ ಕೈಗೆ ಕೊಡಿ. "ನಾನು ಏನೂ ಹೇಳಲ್ಲ, ನಿಮಗೆ ತೋಚಿದ ಹಾಗೆ ಆಡಿ, ತಪ್ಪಾದರೆ ಅದು ಗೇಮಿನ ತಪ್ಪು" ಅಂತ ಇಷ್ಟೇ ಹೇಳಿ. ಆಮೇಲೆ ಬಾಯಿ ಮುಚ್ಚಿಕೊಂಡು ಅವರ ಪಕ್ಕದಲ್ಲಿ, ಸ್ವಲ್ಪ ಹಿಂದೆ ಕೂರಿ. ಈ ಸುಮ್ಮನೆ ಕೂರುವುದೇ ಎಲ್ಲಕ್ಕಿಂತ ಕಷ್ಟ. ಅವರು ತಪ್ಪು ಕಡೆ ಒತ್ತುತ್ತಿರುತ್ತಾರೆ, "ಅಲ್ಲಲ್ಲ, ಈ ಕಡೆ" ಅಂತ ನಾಲಿಗೆ ತುದಿಗೆ ಬಂದಿರುತ್ತದೆ. ತಡೆದುಕೊಳ್ಳಿ. ನೀವು ಒಂದು ಸಲ ಬಾಯಿಬಿಟ್ಟರೆ ಆ ಜಾಗದ ತೊಂದರೆ ನಿಮಗೆ ಇನ್ನು ಕಾಣುವುದಿಲ್ಲ. ಗೇಮ್ ಸ್ಟೋರಿಗೆ ಹೋದ ಮೇಲೆ ಆಡುವ ಪ್ರತಿಯೊಬ್ಬರ ಪಕ್ಕದಲ್ಲೂ ನೀವು ಕೂರಲು ಆಗುವುದಿಲ್ಲವಲ್ಲ.

ನೋಡಬೇಕಾದದ್ದು ಬೆರಳು ಮತ್ತು ಮುಖ. ಬೆರಳು ಎಲ್ಲಿ ತಡೆಯಿತು, ಒತ್ತಿದ್ದನ್ನೇ ಎಲ್ಲಿ ಮತ್ತೆ ಒತ್ತಿದರು, ಯಾವಾಗ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದರು, ಯಾವಾಗ ಹುಬ್ಬು ಗಂಟಿಕ್ಕಿತು, ಯಾವಾಗ ನಕ್ಕರು. ಒಂದು ನೋಟ್‌ಬುಕ್ಕಿನಲ್ಲಿ ಗಳಿಗೆ ಸಮೇತ ಬರೆದುಕೊಳ್ಳಿ. ಆಟ ಮುಗಿದ ಮೇಲೆ "ಹೇಗಿತ್ತು?" ಅಂತ ಕೇಳಲೇಬೇಡಿ. "ಚೆನ್ನಾಗಿದೆ" ಅಂತಲೇ ಬರುತ್ತದೆ. ಬದಲಿಗೆ "ಪೊದೆ ಇರುವುದು ಯಾಕೆ ಅನ್ನಿಸಿತು?", "ಮೂರನೇ ಹಂತದಲ್ಲಿ ಸೋತಿರಲ್ಲ, ಯಾಕೆ ಸೋತಿರಿ?" ಅಂತ ಕೇಳಿ. ಸೋತದ್ದು ಯಾಕೆ ಅಂತ ಅವರು ತಾವೇ ಹೇಳಬಲ್ಲರಾದರೆ ಆ ಕಷ್ಟ ಒಳ್ಳೆಯ ಕಷ್ಟ. "ಗೊತ್ತಿಲ್ಲ, ಏನೋ ಆಯ್ತು" ಅಂದರೆ ಅಲ್ಲಿ ಕೆಲಸ ಬಾಕಿ ಇದೆ.

ದೊಡ್ಡವರೂ ಇದನ್ನೇ ಮಾಡುತ್ತಾರೆ. 2007ರಲ್ಲಿ ಬಂದ ಹ್ಯಾಲೋ 3 ಗೇಮಿಗೆ ಮೈಕ್ರೋಸಾಫ್ಟಿನ ಲ್ಯಾಬಿನಲ್ಲಿ ಸುಮಾರು 600 ಸಾಮಾನ್ಯ ಜನರನ್ನು ಕರೆಸಿ 3000 ಗಂಟೆಗೂ ಮೀರಿ ಆಡಿಸಿದ್ದರು. ಯಾರು ಎಲ್ಲಿ ಸತ್ತರು, ಎಲ್ಲಿ ದಾರಿ ತಪ್ಪಿ ಸುತ್ತಿದರು ಅಂತ ನಕ್ಷೆ ಮೇಲೆ ಚುಕ್ಕಿ ಹಾಕಿ ನೋಡುತ್ತಿದ್ದರು. ಒಂದು ಕಡೆ ಜನ ಬಂದ ದಾರಿಯಲ್ಲೇ ವಾಪಸ್ ಹೋಗಿ ಕಳೆದುಹೋಗುತ್ತಿದ್ದರು. ಅದನ್ನು ಕಂಡು, ಹಿಂದಕ್ಕೆ ಹೋಗಲಾಗದಂತೆ ನೆಲವನ್ನೇ ಸ್ವಲ್ಪ ತಿದ್ದಿದರು. ಶತ್ರುಗಳ ಬಲ ಇಳಿಸಿದ್ದರೆ ಆ ತೊಂದರೆ ಹೋಗುತ್ತಿರಲಿಲ್ಲ.

600 ಜನ ನಮ್ಮ ಕೈಲಿ ಆಗದ ಮಾತು. ಐದು ಜನ ಸಾಕು. ಬಳಕೆಯ ತೊಂದರೆಗಳನ್ನು ಹುಡುಕಲು ಐದು ಜನರೇ ಬಹಳ ಅಂತ ಬಳಕೆ ಪರೀಕ್ಷೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದರು. ನನ್ನ ಅನುಭವವೂ ಅದೇ. ಮೂರನೆಯವರ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಅದದೇ ಸಾಲು ಬರಲು ಶುರುವಾಗುತ್ತದೆ. ಆದರೆ ಐದೂ ಜನರನ್ನು ಒಂದೇ ದಿನ ಖರ್ಚು ಮಾಡಬೇಡಿ. ಒಬ್ಬ ಮನುಷ್ಯ ನಿಮ್ಮ ಗೇಮನ್ನು ಮೊದಲ ಸಲ ನೋಡುವುದು ಒಂದೇ ಸಲ. ಇಬ್ಬರನ್ನು ನೋಡಿ, ತಿದ್ದಿ, ಮತ್ತೆ ಹೊಸ ಇಬ್ಬರನ್ನು ಕರೆಯಿರಿ.


ತುಮಕೂರಿನಿಂದ, ಗೆಳೆಯನ ಗೇಮಿಗೆ ಟೆಸ್ಟರ್ ಆಗಿದ್ದವನು

ನಾನು ಗೇಮ್ ಮಾಡುವವನಲ್ಲ, ಆಡುವವನು. ಮೇಲಿನವರು ಹೇಳಿದ "ಚೆನ್ನಾಗಿದೆ" ಮಾತು ಓದಿ ಇದನ್ನು ಬರೆಯಬೇಕು ಅನ್ನಿಸಿತು. ನನ್ನ ಗೆಳೆಯ ಎರಡು ವರ್ಷ ನಿದ್ದೆಗೆಟ್ಟು ಮಾಡಿದ ಗೇಮ್. ನನಗೆ ಹತ್ತು ನಿಮಿಷಕ್ಕೆ ಬೇಜಾರಾಯಿತು. ಅವನ ಮುಖ ನೋಡಿ ಹೇಳಲು ಮನಸ್ಸು ಬರಲಿಲ್ಲ. ಚೆನ್ನಾಗಿದೆ ಅಂದೆ. ಇವತ್ತಿಗೂ ಅದು ಮನಸ್ಸಿನಲ್ಲಿ ಕೊರೆಯುತ್ತದೆ, ಯಾಕೆಂದರೆ ಆಗ ಹೇಳಿದ್ದರೆ ಅವನು ತಿದ್ದುತ್ತಿದ್ದ. ಹಾಗಾಗಿ ನಿಮ್ಮ ನೆಂಟರಿಗೆ ನೀವೇ ದಾರಿ ಮಾಡಿಕೊಡಿ. "ಇದರಲ್ಲಿ ಒಂದನ್ನು ತೆಗೆಯಲೇಬೇಕು ಅಂದರೆ ಯಾವುದನ್ನು ತೆಗೆಯಲಿ?" ಅಂತ ಕೇಳಿ. ಆಗ ಬೈದಂತೆ ಆಗುವುದಿಲ್ಲ, ನಿಜವೂ ಹೊರಗೆ ಬರುತ್ತದೆ.


ಹುಬ್ಬಳ್ಳಿಯಿಂದ, ಪ್ರೋಗ್ರಾಮರ್

ಏಳನೇ ಹಂತದ ವಿಷಯಕ್ಕೆ ಬೆಂಗಳೂರಿನ ಅಕ್ಕನವರು ಹೇಳಿದ್ದೇ ಸರಿ. ನಾನು ಇಬ್ಬರ ಪಂದ್ಯದ ಬಗ್ಗೆ ಹೇಳುತ್ತೇನೆ. "ಹುಲಿ ಜಾಸ್ತಿ ಗೆಲ್ಲುತ್ತದೆ" ಅಂದಿರಿ. ಎಷ್ಟು ಪಂದ್ಯದಲ್ಲಿ ಎಷ್ಟು? ಯಾರು ಆಡಿದಾಗ?

ನೋಡ್ರಿ, ನಾಣ್ಯವನ್ನು 100 ಸಲ ಚಿಮ್ಮಿದರೆ ಸರಿಯಾಗಿ 50 ಬೀಳುವುದು ಅಪರೂಪ. 40ರಿಂದ 60ರವರೆಗೆ ಎಲ್ಲಿ ಬಿದ್ದರೂ ಅದು ಸಹಜ. ಅಂದರೆ 100 ಪಂದ್ಯದಲ್ಲಿ ಹುಲಿ 56 ಗೆದ್ದರೆ ಅದರಿಂದ ನಿಮಗೆ ಏನೂ ತಿಳಿಯಲಿಲ್ಲ. 1000 ಪಂದ್ಯದಲ್ಲಿ 560 ಗೆದ್ದರೆ ಹುಲಿ ಕಡೆ ನಿಜವಾಗಿ ವಾಲಿದೆ ಅಂತ ಹೇಳಬಹುದು. ಹನ್ನೆರಡು ಜನ ಆಡಿದ ಮೂವತ್ತು ಪಂದ್ಯ ನೋಡಿ ನಿಯಮ ಬದಲಿಸಿದರೆ ಗಾಳಿಯಲ್ಲಿ ಗುಂಡು ಹೊಡೆದ ಹಾಗೆ.

1000 ಪಂದ್ಯಕ್ಕೆ ಜನರನ್ನು ಎಲ್ಲಿಂದ ತರುವುದು? ಅದಕ್ಕೆ ಬಾಟ್, ಅಂದರೆ ಮನುಷ್ಯರ ಬದಲು ತಾನೇ ಆಡುವ ಪ್ರೋಗ್ರಾಂ ಬರೆಯಬೇಕು. ನಿಮ್ಮ ಆಟಕ್ಕೆ ಅದು ಸುಲಭ, ಮನೆ ಇರುವುದೇ 23. ಮೂರು ಬಗೆ ಬರೆಯಲು ತಮ್ಮನಿಗೆ ಹೇಳಿ. ಒಂದು ಕಣ್ಣುಮುಚ್ಚಿ ಆಡುವ ಬಾಟ್, ನಿಯಮದಲ್ಲಿ ಬರುವ ಯಾವುದೋ ಒಂದು ನಡೆ ನಡೆಸುತ್ತದೆ. ಇನ್ನೊಂದು ಆಸೆಬುರುಕ ಬಾಟ್, ತಿನ್ನಲು ಸಿಕ್ಕರೆ ಹಿಂದೆಮುಂದೆ ನೋಡದೆ ತಿನ್ನುತ್ತದೆ. ಮೂರನೆಯದು ನಾಲ್ಕೈದು ನಡೆ ಮುಂದೆ ಯೋಚಿಸಿ ಆಡುವುದು. ಈ ಮೂರನ್ನೂ ಎರಡೂ ಕಡೆ ಕೂರಿಸಿ ರಾತ್ರಿ ಕಂಪ್ಯೂಟರ್ ಬಿಟ್ಟು ಮಲಗಿ. ಬೆಳಿಗ್ಗೆ ಒಂಬತ್ತು ಜೋಡಿಯ ಲೆಕ್ಕ ಕೈಲಿರುತ್ತದೆ. ಪ್ರತಿ ಪಂದ್ಯದ ಎಲ್ಲ ನಡೆಯನ್ನೂ ಪಟ್ಟಿಯಂತೆ ಒಂದು ಸಿಎಸ್‌ವಿ ಫೈಲಿಗೆ ಬರೆಸಿ. ಬಾಟ್ ಯಾದೃಚ್ಛಿಕವಾಗಿ ಆಡುವಾಗ ಬಳಸಿದ ಸೀಡ್ ಸಂಖ್ಯೆಯನ್ನೂ, ಅಂದರೆ ಆ ಯಾದೃಚ್ಛಿಕ ಆಯ್ಕೆಗಳು ಶುರುವಾದ ಸಂಖ್ಯೆಯನ್ನೂ, ಅದರಲ್ಲಿ ಉಳಿಸಿ. 4,312ನೇ ಪಂದ್ಯದಲ್ಲಿ ಏನೋ ವಿಚಿತ್ರ ಆಯಿತು ಅಂದಾಗ ಅದೇ ಪಂದ್ಯವನ್ನು ಮತ್ತೆ ಆಡಿಸಿ ನೋಡಬಹುದು.

ನನ್ನ ಊಹೆ ಹೇಳುತ್ತೇನೆ. ಕಣ್ಣುಮುಚ್ಚಿ ಆಡುವವರ ನಡುವೆ ಹುಲಿಯೇ ಗೆಲ್ಲುತ್ತದೆ. ಯೋಚಿಸಿ ಆಡುವವರ ನಡುವೆ ಹುಲಿಗೆ ಅಷ್ಟು ಸುಲಭ ಇರುವುದಿಲ್ಲ. ನೇಪಾಳದಲ್ಲಿ ಇದರ ಅಣ್ಣತಮ್ಮನಂಥ ಆಟವೊಂದಿದೆ, ಬಾಘ್‌ಚಾಲ್ ಅಂತ. 4 ಹುಲಿ, 20 ಆಡು, 25 ಮನೆ. ಎರಡೂ ಕಡೆಯವರು ಒಂದೂ ತಪ್ಪು ಮಾಡದಿದ್ದರೆ ಅದು ಸಮವಾಗಿ ಮುಗಿಯುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಆದರೂ ಮೊದಲ ಸಲ ಆಡುಗಳನ್ನು ಹಿಡಿದವರು ಸೋಲುತ್ತಾರೆ. ಆಟ ಸಮವಾಗಿದೆಯಾ ಅಂತ ಕೇಳುವಾಗ ಯಾರ ಕೈಯಲ್ಲಿ ಸಮ ಅಂತಲೂ ಕೇಳಬೇಕು. ಹೊಸಬರ ಕೈಯಲ್ಲಿ ಸಮ ಮಾಡಲು ಹೋಗಿ ಹುಲಿಯ ಹಲ್ಲು ಕಿತ್ತರೆ, ಆಟ ಕಲಿತವರ ಕೈಯಲ್ಲಿ ಹುಲಿ ಬೆಕ್ಕಾಗುತ್ತದೆ.

ಕೊನೆಗೆ ನಾನು ಮಾಡಿದ ಒಂದು ತಪ್ಪು. ಒಂದು ಇಸ್ಪೀಟು ಬಗೆಯ ಗೇಮಿನಲ್ಲಿ ಒಂದೇ ರಾತ್ರಿ ಮೂರು ಸಂಖ್ಯೆ ಬದಲಿಸಿದೆ. ಬೆಳಿಗ್ಗೆ ಗೇಮ್ ಚೆನ್ನಾಯಿತು. ಎರಡು ವಾರದ ಮೇಲೆ ಇನ್ನೊಂದು ಕಡೆ ಕೆಟ್ಟಿತು. ಮೂರರಲ್ಲಿ ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ಕೆಟ್ಟಿತು ಅಂತ ತಿಳಿಯಲೇ ಇಲ್ಲ. ಎಲ್ಲವನ್ನೂ ಹಿಂದಕ್ಕೆ ತಂದು ಮತ್ತೆ ಶುರು ಮಾಡಿದೆ. ಆವತ್ತಿನಿಂದ ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನೂ ತಾರೀಕು ಹಾಕಿ ಬರೆದಿಡುತ್ತೇನೆ. ಬದಲಿಸುವಾಗ ಮಾತ್ರ ಅಂಜಬೇಡಿ. ಸಿವಿಲೈಸೇಶನ್ ಗೇಮ್ ಮಾಡಿದ ಸಿಡ್ ಮೈಯರ್ ಅವರ ಕ್ರಮ ನನಗೆ ಬಹಳ ಕೆಲಸಕ್ಕೆ ಬಂದಿದೆ: ಒಂದು ಸಂಖ್ಯೆ ಸರಿಯಿಲ್ಲ ಅನ್ನಿಸಿದರೆ ಅದನ್ನು ಎರಡರಷ್ಟು ಮಾಡು, ಇಲ್ಲಾ ಅರ್ಧ ಮಾಡು. 5 ಇದ್ದದ್ದನ್ನು 6 ಮಾಡಿದರೆ ಏನಾದರೂ ಬದಲಾಯಿತಾ ಇಲ್ಲವಾ ಅಂತಲೇ ಗೊತ್ತಾಗುವುದಿಲ್ಲ. 10 ಮಾಡಿ ನೋಡಿದರೆ ಆ ಸಂಖ್ಯೆಯ ಸ್ವಭಾವ ಒಂದೇ ಸಂಜೆಯಲ್ಲಿ ತಿಳಿಯುತ್ತದೆ. ಆಮೇಲೆ ಹಿಂದೆ ಬಂದು ನಡುವೆ ಎಲ್ಲೋ ನಿಲ್ಲಬಹುದು.


ಮಂಗಳೂರಿನಿಂದ

ಎರಡೂ ಕಡೆಯ ಬಲ ಸರಿದೂಗಿಸುವ ಬ್ಯಾಲೆನ್ಸ್ ಬಗ್ಗೆ ನನಗೆ ಹೇಳಲು ಏನಿಲ್ಲ. ಒಂದೇ ಮಾತು: ಟೆಸ್ಟ್ ಮಾಡುವಾಗ ಹಳೆಯ ಫೋನು ಬಳಸಿ. ಮೂರು ನಾಲ್ಕು ವರ್ಷ ಹಳೆಯದು, ಗಾಜು ಗೀರು ಬಿದ್ದದ್ದು. ಬಿಸಿಲಿನಲ್ಲೂ ಒಂದು ಸಲ ಆಡಿಸಿ. ಸಣ್ಣ ಪರದೆಯಲ್ಲಿ 23 ಮನೆ ಅಂದರೆ ಬೆರಳಿಗೆ ಒತ್ತೊತ್ತಾಗಿ ಬರುತ್ತವೆ. ಒತ್ತುವ ಜಾಗ ಕನಿಷ್ಠ 48 ಡಿಪಿ (ಪರದೆಯ ಅಳತೆ), ಅಂದರೆ ಸುಮಾರು 9 ಮಿಲಿಮೀಟರ್ ಇರಲಿ ಅಂತ ಆಂಡ್ರಾಯ್ಡಿನವರೇ ಹೇಳುತ್ತಾರೆ. ಪಕ್ಕದ ಮನೆಗೆ ಬೆರಳು ತಾಗಿ ಆಡು ಸತ್ತರೆ ಜನ ಅದನ್ನೂ "ಗೇಮ್ ಕಷ್ಟ" ಅಂತಲೇ ಹೇಳುವುದು.

ಕನ್ನಡ ಅಕ್ಷರವನ್ನೂ ನೋಡಿಕೊಳ್ಳಿ. ನಮ್ಮ ಗೇಮಿನಲ್ಲಿ ಒತ್ತಕ್ಷರ ಎಲ್ಲ ಒಡೆದು ಪಕ್ಕಕ್ಕೆ ಬಿದ್ದಿದ್ದವು. ಸೂಚನೆ ಓದಲು ಆಗದೆ ಜನ ಸುಮ್ನೆ ಮುಂದೆ ಒತ್ತುತ್ತಿದ್ದರು, ನಾವು ಹಂತ ಸುಲಭ ಮಾಡುತ್ತಾ ಕೂತಿದ್ದೆವು. ಗೇಮ್ ಮಾಡುವ ಸಾಫ್ಟ್‌ವೇರ್ ಗೊಡೋ 4ರಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ, ಗೊಡೋ 3ರಲ್ಲಿ ಕೂರುವುದಿಲ್ಲ. ನೀವು ಯಾವುದರಲ್ಲಿ ಮಾಡಿದ್ದೀರಿ?


ಪ್ರಶ್ನೆ ಕೇಳಿದವಳು, ಒಂಬತ್ತು ದಿನದ ಮೇಲೆ

ಗೊಡೋ 4ರಲ್ಲೇ ಮಾಡಿದ್ದೇವೆ, ಅಕ್ಷರ ಸರಿ ಇದೆ. ಆದರೆ ಒತ್ತುವ ಜಾಗ ಸಣ್ಣದಿತ್ತು, ದೊಡ್ಡದು ಮಾಡಿದೆವು.

ಅಕ್ಕ, ನೀವು ಹೇಳಿದಂತೆ ಭಾನುವಾರ ಇಬ್ಬರನ್ನು ಕೂರಿಸಿದೆ. ಪಕ್ಕದ ಮನೆಯ ಆಂಟಿ, ಆಮೇಲೆ ನಮ್ಮ ಬೀದಿಯ ಕಿರಾಣಿ ಅಂಗಡಿ ಅಣ್ಣ. ತಡೆಯಲಾಗದೆ ಬುಧವಾರ ಇನ್ನಿಬ್ಬರನ್ನು ಕರೆದೆ. ಏಳನೇ ಹಂತದಲ್ಲಿ ನಾಲ್ವರೂ ಒಂದೇ ಕೆಲಸ ಮಾಡಿದರು.

ಮೊದಲ ಆರು ಹಂತದಲ್ಲಿ ಆಡುವವರು ಹುಲಿ. ಏಳನೆಯದರಲ್ಲಿ ಮೊದಲ ಸಲ ಆಡುಗಳು ಅವರ ಕೈಗೆ ಬರುತ್ತವೆ. ಮೂರು ಆಡು ಇಟ್ಟ ಮೇಲೆ ಹುಲಿ ಹತ್ತಿರ ಬಂತು. ಆಂಟಿ ಒಂದು ಆಡನ್ನು ಪಕ್ಕಕ್ಕೆ ಎಳೆಯಲು ಹೋದರು. ಅದು ಅಲುಗಾಡಲಿಲ್ಲ. ಮತ್ತೆ ಎಳೆದರು. ಬೆರಳನ್ನು ಸೀರೆಗೆ ಒರೆಸಿಕೊಂಡು ಮತ್ತೆ ಎಳೆದರು. "ಹ್ಯಾಂಗ್ ಆಯ್ತು ಕಣೇ" ಅಂತ ಫೋನ್ ವಾಪಸ್ ಕೊಟ್ಟರು.

ನಿಯಮ ಏನೆಂದರೆ 15 ಆಡುಗಳನ್ನೂ ಇಟ್ಟು ಮುಗಿಸುವವರೆಗೆ ಒಂದನ್ನೂ ಸರಿಸುವಂತಿಲ್ಲ. ನಮಗೆ ಅದು ಉಸಿರಾಡಿದಷ್ಟು ಸಹಜ, ಗೇಮಿನಲ್ಲಿ ಎಲ್ಲೂ ಬರೆದೇ ಇರಲಿಲ್ಲ! ಅಜ್ಜಿ ಆಡಿಸುವಾಗ ನಾವು ಆಡು ಸರಿಸಲು ಹೋದರೆ ಕೈಗೆ ಒಂದು ಪೆಟ್ಟು ಕೊಟ್ಟು "ಮೊದ್ಲು ಎಲ್ಲಾ ಇಡು" ಅನ್ನುತ್ತಿದ್ದರು. ಆ ಪೆಟ್ಟು ನಮ್ಮ ಗೇಮಿನಲ್ಲಿ ಇರಲಿಲ್ಲ. ನಾವು ಹುಲಿಯ ಬುದ್ಧಿ ಕಡಿಮೆ ಮಾಡಿದ್ದರೆ ಏನೂ ಆಗುತ್ತಿರಲಿಲ್ಲ. ತಮ್ಮ ಆ ರಾತ್ರಿ ತುಂಬ ಹೊತ್ತು ಮಾತೇ ಆಡಲಿಲ್ಲ, ಆಮೇಲೆ ಎದ್ದು ಬಾಟ್ ಬರೆಯಲು ಕೂತ.

ಹುಬ್ಬಳ್ಳಿ ಅಣ್ಣ, ನಿಮ್ಮ ಊಹೆ ನಿಜವಾಯಿತು. ಕಣ್ಣುಮುಚ್ಚಿ ಆಡುವ ಬಾಟ್‌ಗಳಲ್ಲಿ ಹುಲಿ ಹತ್ತಕ್ಕೆ ಒಂಬತ್ತು ಗೆಲ್ಲುತ್ತದೆ. ಎರಡೂ ಕಡೆ ಯೋಚಿಸುವ ಬಾಟ್ ಕೂರಿಸಿದರೆ ಪಂದ್ಯ ಮುಗಿಯುವುದೇ ಇಲ್ಲ, ಹುಲಿ ಅತ್ತಿತ್ತ, ಆಡು ಅತ್ತಿತ್ತ. ಈಗ ಪ್ರಶ್ನೆ ಬದಲಾಗಿದೆ. ಹೊಸಬರು ಆಡು ಹಿಡಿದು ಸೋಲುತ್ತಲೇ ಇದ್ದರೆ ಕಲಿಯುವಷ್ಟು ದಿನ ಉಳಿಯುವುದಿಲ್ಲ. ಅವರನ್ನು ಉಳಿಸಿಕೊಳ್ಳುವುದು ಹೇಗೆ?


ಸಾಗರದಿಂದ, ನಿವೃತ್ತ ಶಿಕ್ಷಕ

ನನಗೆ ಕಂಪ್ಯೂಟರ್ ಗೇಮ್ ಗೊತ್ತಿಲ್ಲ. ಆಡು-ಹುಲಿ ಗೊತ್ತು. ನಾನು ಹುಡುಗನಾಗಿದ್ದಾಗ ದೇವಸ್ಥಾನದ ಕಲ್ಲುಹಾಸಿನ ಮೇಲೆ ಕೆತ್ತಿದ ಮನೆಯಲ್ಲಿ ಆಡುತ್ತಿದ್ದೆವು. ಹುಣಿಸೆ ಬೀಜ ಆಡು, ಸಣ್ಣ ಕಲ್ಲು ಹುಲಿ. ಆಮೇಲೆ ಶಾಲೆಯಲ್ಲಿ ಮಳೆಗಾಲದ ಆಟದ ಪೀರಿಯಡ್ಡಿನಲ್ಲಿ ಮಕ್ಕಳಿಗೆ ಮೂವತ್ತು ವರ್ಷ ಆಡಿಸಿದ್ದೇನೆ.

ಮಗಳೇ, ಹೊಸ ಮಕ್ಕಳಿಗೆ ಯಾವತ್ತೂ ಮೂರು ಹುಲಿಯ ಆಟ ಕೊಡಬಾರದು. ನಾನು ಒಂದೇ ಹುಲಿ ಬಿಡುತ್ತಿದ್ದೆ, ಅದೂ ಮೂಲೆಯ ಕಡೆ. ಆರೇಳು ಆಡು ಮಗುವಿನ ಕೈಗೆ. ಒಂದು ಹುಲಿಯನ್ನು ಕಟ್ಟಿಹಾಕಿದಾಗ ಮಗುವಿಗೆ ಆಡಿನ ಬಲ ಏನು ಅಂತ ತಿಳಿಯುತ್ತದೆ. ಹುಲಿ ಹಿಡಿದವರಿಗೆ ಗೆಲುವು ಹೇಗೆ ಅಂತ ಯಾರೂ ಹೇಳಿಕೊಡಬೇಕಿಲ್ಲ, ಹಾರು, ತಿನ್ನು, ಅಷ್ಟೇ. ಆಡು ಹಿಡಿದವರು ಏನು ಮಾಡಬೇಕು ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಹೊಸಬರು ಸೋಲುವುದು ಇದರಿಂದ.

ಎರಡು ಪಾಠ ಸಾಕು. ಹುಲಿ ಹಾರಬೇಕಾದರೆ ಆಡಿನ ಆಚೆ ಬದಿಯ ಮನೆ ಖಾಲಿ ಇರಬೇಕು. ಹಾಗಾಗಿ ಆಡಿನ ಬೆನ್ನಿಗೆ ಇನ್ನೊಂದು ಆಡು ನಿಲ್ಲಿಸು. ಇದು ಮೊದಲನೆಯದು. ಎರಡನೆಯದು, ಅಂಚಿನಿಂದ ಶುರು ಮಾಡು, ಅಂಚಿನಲ್ಲಿ ಕೂತ ಆಡಿನ ಆಚೆಗೆ ಹುಲಿ ಇಳಿಯಲು ಜಾಗವೇ ಇರುವುದಿಲ್ಲ. ಅಂಚು ತುಂಬಿಸಿಕೊಂಡು ನಿಧಾನವಾಗಿ ಒಳಗೆ ಬಂದರೆ ಹುಲಿಗೆ ಉಸಿರು ಕಟ್ಟುತ್ತದೆ. ಈ ಎರಡನ್ನು ನಿನ್ನ ಹಂತಗಳಲ್ಲಿ ಒಂದೊಂದಾಗಿ ಕಲಿಸು. ಬಾಯಿಪಾಠ ಬೇಡ, ಆ ನಡೆ ಬಿಟ್ಟು ಬೇರೆ ದಾರಿಯೇ ಇಲ್ಲದಂತೆ ಸಣ್ಣ ಆಟ ಕಟ್ಟಿಕೊಡು.

ಇಬ್ಬರ ಪಂದ್ಯಕ್ಕೆ ನಮ್ಮಲ್ಲಿ ಇದ್ದ ಕ್ರಮ: ಒಂದು ಆಟ ನೀನು ಹುಲಿ, ಮುಂದಿನ ಆಟ ನಾನು ಹುಲಿ. ಎರಡೂ ಸೇರಿ ಒಂದು ಪಂದ್ಯ. ಯಾರ ಹುಲಿ ಜಾಸ್ತಿ ಆಡು ತಿಂದಿತೋ ಅವರು ಗೆದ್ದಂತೆ. ಹುಲಿಗೆ ಬಲ ಜಾಸ್ತಿ ಇದ್ದರೆ ಇರಲಿ ಬಿಡು, ಅದು ಇಬ್ಬರಿಗೂ ಒಂದೊಂದು ಸಲ ಸಿಗುತ್ತದೆ. ನನ್ನ ಆಡು ನಾಲ್ಕು ಹೋಯಿತು, ನಿನ್ನದು ಮೂರೇ ಹೋಯಿತು ಅಂತ ಲೆಕ್ಕ ಬಂದಾಗ ಸೋತವನಿಗೂ ನಾಳೆ ಇನ್ನೊಂದು ಆಡನ್ನು ಉಳಿಸಬೇಕು ಅನ್ನುವ ಛಲ ಬರುತ್ತದೆ.


ಕೆನಡಾದ ಮಾಂಟ್ರಿಯಲ್‌ನಿಂದ, ಗೇಮ್ ಡಿಸೈನರ್

ಮೇಷ್ಟ್ರ ಮಾತನ್ನು ನಾನು ಎರಡು ಸಲ ಓದಿದೆ. ನಾವು ಇಲ್ಲಿ ತಿಂಗಳುಗಟ್ಟಲೆ ಮೀಟಿಂಗ್ ಮಾಡಿ ತಲುಪುವ ಜಾಗ ಅದು. ಮೂಲತಃ ನಾನು ಹಾಸನದವನು, 14 ವರ್ಷದಿಂದ ಇಲ್ಲಿದ್ದೇನೆ. ಲೆಕ್ಕ ಬೇರೆ, ಅನ್ನಿಸಿಕೆ ಬೇರೆ ಅನ್ನುವುದರ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವ ಆನ್‌ಲೈನ್ ಗೇಮ್ ತಯಾರಾಗುತ್ತಿದ್ದ ಕಾಲದ ಮಾತು. ಜನ ಹೊತ್ತುಗೊತ್ತಿಲ್ಲದೆ ಆಡಬಾರದು ಅಂತ, ತುಂಬ ಹೊತ್ತು ಆಡಿದರೆ ಸಿಗುವ ಅಂಕ ಅರ್ಧಕ್ಕೆ ಇಳಿಯುವಂತೆ ಮಾಡಿದ್ದರು. ಟೆಸ್ಟರ್‌ಗಳು ಸಿಟ್ಟಾದರು. ಆಗ ಸಂಖ್ಯೆಯನ್ನು ಹಾಗೇ ಇಟ್ಟು ಹೆಸರು ಬದಲಿಸಿದರು. ಇಳಿದ ಅಂಕವೇ ಈಗ ಮಾಮೂಲಿ 100 ಆಯಿತು. ಮೊದಲಿನ ಅಂಕ, ವಿಶ್ರಾಂತಿ ಪಡೆದು ಬಂದವರಿಗೆ ಸಿಗುವ 200ರ ಬಹುಮಾನ ಆಯಿತು. ಲೆಕ್ಕ ಒಂದೇ, ಜನ ಖುಷಿಯಾದರು. ನಿಮ್ಮ ಗೇಮಿನಲ್ಲಿ ಈಗ "5 ಆಡು ಸತ್ತರೆ ಸೋಲು" ಅಂತ ಇದೆ ಅಲ್ವಾ? ಅದನ್ನೇ "11 ಆಡು ಉಳಿಸಿಕೊಂಡರೆ ಸಾಕು" ಅಂತ ತೋರಿಸಿ ನೋಡಿ. ಆಡು ಹಿಡಿದವರಿಗೆ ಕಾಯುವ ಕೆಲಸ ಸಿಕ್ಕಂತಾಗುತ್ತದೆ.

ಸಿಡ್ ಮೈಯರ್ 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸಿನಲ್ಲಿ ಒಂದು ವಿಷಯ ಹೇಳಿದ್ದರು. ಗೆಲ್ಲುವ ಸಾಧ್ಯತೆ ಮೂರು ಪಾಲು, ಸೋಲುವುದು ಒಂದು ಪಾಲು ಅಂತ ತೋರಿಸಿದ ಮೇಲೆ ಆಡುವವರು ಸೋತರೆ ಗೇಮ್ ಮೋಸ ಮಾಡಿತು ಅನ್ನುತ್ತಾರೆ. ಅದೇ ಗೆಲುವು ಒಂದು ಪಾಲು, ಸೋಲು ಮೂರು ಪಾಲು ಇದ್ದಾಗ ಗೆದ್ದರೆ ಯಾರೂ ದೂರುವುದಿಲ್ಲ. ಫೈರ್ ಎಂಬ್ಲಮ್ ಗೇಮುಗಳಲ್ಲಿ 2002ರಿಂದ ಒಂದರ ಬದಲು ಎರಡು ಯಾದೃಚ್ಛಿಕ ಸಂಖ್ಯೆ ತೆಗೆದು ಸರಾಸರಿ ಮಾಡಲು ಶುರು ಮಾಡಿದರು. ಏಟು ತಾಗುವ ಸಾಧ್ಯತೆ ಪರದೆಯಲ್ಲಿ ಶೇಕಡಾ 90 ಅಂತ ಕಂಡದ್ದು ಒಳಗೆ ಶೇಕಡಾ 98ರಷ್ಟು ತಾಗುತ್ತದೆ. ಜನರ ಮನಸ್ಸಿನಲ್ಲಿರುವ 90 ಅಂದರೆ ಅದೇ. ನಿಮ್ಮ ಕಂಪ್ಯೂಟರ್ ಹುಲಿ ಮೊದಲ ಹಂತಗಳಲ್ಲಿ ಆಗಾಗ ಒಂದು ತಿನ್ನುವ ಅವಕಾಶ ಬಿಟ್ಟರೆ ತಪ್ಪೇನಿಲ್ಲ. ಇಬ್ಬರು ಮನುಷ್ಯರ ಪಂದ್ಯದಲ್ಲಿ ಮಾತ್ರ ಇಂಥ ಕೈವಾಡ ಬೇಡ, ಅಲ್ಲಿ ಒಬ್ಬರಿಗೆ ಮಾಡಿದ ಉಪಕಾರ ಇನ್ನೊಬ್ಬರಿಗೆ ಅನ್ಯಾಯ.

ಪೊದೆ, ಹಳ್ಳದ ಬಗ್ಗೆ. ಸ್ಲೇ ದಿ ಸ್ಪೈರ್ ಅನ್ನುವ ಇಸ್ಪೀಟಿನಂಥ ಗೇಮ್ 2017ರ ನವೆಂಬರಿನಲ್ಲಿ ಅರ್ಧ ತಯಾರಾದಾಗಲೇ ಹೊರಬಂದು 2019ರ ಜನವರಿಯಲ್ಲಿ ಪೂರ್ತಿಯಾಯಿತು. ನಡುವೆ ಯಾವ ಕಾರ್ಡನ್ನು ಎಷ್ಟು ಜನ ಎತ್ತಿಕೊಂಡರು, ಎತ್ತಿಕೊಂಡವರು ಗೆದ್ದರಾ ಅಂತ ನೋಡುತ್ತಾ ತಿದ್ದಿದರು. ನೀವೂ ಎರಡು ಲೆಕ್ಕ ಇಡಿ: ಪೊದೆಯನ್ನು ಎಷ್ಟು ಜನ ಬಳಸಿದರು, ಬಳಸಿದವರು ಎಷ್ಟು ಗೆದ್ದರು. ಎಲ್ಲರೂ ಬಳಸಿ ಎಲ್ಲರೂ ಗೆದ್ದರೆ ಪೊದೆಯ ಬಲ ಜಾಸ್ತಿ. ಯಾರೂ ಬಳಸದಿದ್ದರೆ ದುರ್ಬಲ ಅಂತ ತೀರ್ಮಾನಿಸುವ ಮೊದಲು, ಅದು ಪೊದೆ ಅಂತ ಅವರಿಗೆ ಕಂಡಿತಾ ಅಂತ ಕೇಳಿ. ಕೆಲವರೇ ಬಳಸಿ ಅವರೆಲ್ಲ ಗೆದ್ದರೆ, ಆ ಕೆಲವರು ಮೊದಲೇ ಚೆನ್ನಾಗಿ ಆಡುವವರು ಇರಬಹುದು. ಅಂಕಿಯ ಹಿಂದೆ ಯಾರಿದ್ದಾರೆ ಅಂತ ನೋಡದೆ ಪೊದೆಯನ್ನು ಕಡಿಯಬೇಡಿ.

ಇನ್ನೊಂದು ಎಚ್ಚರಿಕೆ, ನನಗೆ ಪೆಟ್ಟು ಕೊಟ್ಟ ವಿಷಯ. ನಾನು ಮೊದಲು ಕೆಲಸ ಮಾಡಿದ ಒಂದು ತಂಡದಲ್ಲಿ ನಮ್ಮ ಟೆಸ್ಟರ್‌ಗಳ ಗುಂಪಿನಲ್ಲಿ ಇಪ್ಪತ್ತು ಮೂವತ್ತು ಜನ ಇದ್ದರು. ಪ್ರತಿದಿನ ಬರೆಯುತ್ತಿದ್ದರು, ಪ್ರೀತಿಯಿಂದ ಬರೆಯುತ್ತಿದ್ದರು. ಎಂಟು ತಿಂಗಳು ಆಡಿ ಆಡಿ ಅವರ ಕೈ ಪಳಗಿತ್ತು. "ಸುಲಭ ಆಯಿತು, ಇನ್ನೂ ಕಷ್ಟ ಮಾಡಿ" ಅನ್ನುತ್ತಿದ್ದರು. ನಮ್ಮ ಕೈಯೂ ಪಳಗಿದ್ದರಿಂದ ನಮಗೂ ಹೌದು ಅನ್ನಿಸಿತು. ಕಷ್ಟ ಮಾಡಿದೆವು. ಬಿಡುಗಡೆಯ ದಿನ ಹೊಸಬರು ಮೊದಲ ಅರ್ಧ ಗಂಟೆಯಲ್ಲೇ ಬಿಟ್ಟುಹೋದರು. ಮೊದಲ ಅರ್ಧ ಗಂಟೆಯನ್ನು ನಾವ್ಯಾರೂ ಎಂಟು ತಿಂಗಳಿಂದ ಹೊಸ ಕಣ್ಣಲ್ಲಿ ನೋಡಿರಲೇ ಇಲ್ಲ. ನಿಮಗೂ ತಮ್ಮನಿಗೂ "ಪರವಾಗಿಲ್ಲ, ಸಾಧಾರಣ" ಅನ್ನಿಸುವ ಹಂತ ಬೇರೆಯವರಿಗೆ ಬಹಳ ಕಷ್ಟ. ಇದನ್ನು ಕಣ್ಣಿಗೆ ಕಾಣುವ ಕಡೆ ಬರೆದು ಅಂಟಿಸಿಕೊಳ್ಳಿ.


ಬೆಂಗಳೂರಿನಿಂದ, ಗೇಮ್ ಟೆಸ್ಟರ್

ಆಂಟಿ ಬೆರಳು ಒರೆಸಿಕೊಂಡದ್ದನ್ನು ಬರೆದುಕೊಂಡಿದ್ದೀರಲ್ಲ, ಅದು ಓದಿ ತುಂಬ ಖುಷಿಯಾಯಿತು. ಹೀಗೇ ನೋಡುತ್ತಿರಿ. ಏಳನೇ ಹಂತಕ್ಕೆ ನಿಯಮವನ್ನು ದೊಡ್ಡ ಪೆಟ್ಟಿಗೆಯಲ್ಲಿ ಬರೆದು ಹಾಕಬೇಡಿ, ಯಾರೂ ಓದುವುದಿಲ್ಲ. ಚಿತ್ರ ನಿಮ್ಮದೇ ತಾನೆ? ಅದರಲ್ಲೇ ಹೇಳಿ. 2007ರಲ್ಲಿ ಬಂದ ಪೋರ್ಟಲ್ ಗೇಮಿನಲ್ಲಿ ಒಂದು ಪೆಟ್ಟಿಗೆಯನ್ನು ಕೋಣೆಯುದ್ದಕ್ಕೂ ಜೊತೆಗೆ ಒಯ್ಯಬೇಕಿತ್ತು. ಟೆಸ್ಟ್ ಮಾಡುವವರು ಅದನ್ನು ಹಿಂದೆಯೇ ಬಿಟ್ಟು ಹೋಗುತ್ತಿದ್ದರು. ಪೆಟ್ಟಿಗೆಯ ಮೇಲೆ ಹೃದಯದ ಚಿತ್ರ ಬರೆದು, ಅದು ನಿನ್ನ ಜೊತೆಗಾರ ಅಂತ ಒಂದು ದನಿಯಲ್ಲಿ ಹೇಳಿಸಿದರು. ಆಮೇಲೆ ಯಾರೂ ಬಿಟ್ಟು ಹೋಗಲಿಲ್ಲ.


ಪ್ರಶ್ನೆ ಕೇಳಿದವಳು, ಐದು ವಾರದ ಮೇಲೆ

ಎಲ್ಲರಿಗೂ ಏನಾಯಿತು ಅಂತ ಹೇಳಲು ಬಂದೆ.

ಹೊಸ ಎರಡನೇ ಹಂತ ಮೇಷ್ಟ್ರು ಹೇಳಿದ್ದೇ. ಒಂದು ಹುಲಿ, ಏಳು ಆಡು. ಮೂರನೆಯದು ಬೆನ್ನಿಗೆ ಬೆನ್ನು, ಐದನೆಯದು ಅಂಚು. ಏಳನೆಯದರಲ್ಲಿ ಈಗ ಇಟ್ಟ ಆಡುಗಳೆಲ್ಲ ಕಾಲು ಮಡಚಿ ಕೂತು ಮೆಲುಕು ಹಾಕುತ್ತಿರುತ್ತವೆ. ಎಳೆಯಲು ಹೋದರೆ ತಲೆ ಅಲ್ಲಾಡಿಸಿ, ಕೆಳಗೆ ಕಾಯುತ್ತಿರುವ ಆಡುಗಳ ಕಡೆ ನೋಡುತ್ತವೆ. ಹದಿನೈದನೆಯದನ್ನು ಇಟ್ಟ ಕೂಡಲೇ ಎಲ್ಲವೂ ಒಟ್ಟಿಗೆ ಎದ್ದು ನಿಲ್ಲುತ್ತವೆ. ಒಂದು ಅಕ್ಷರವನ್ನೂ ಬರೆದಿಲ್ಲ. ಹೊಸದಾಗಿ ಆರು ಜನರನ್ನು ಕೂರಿಸಿದೆ, ಆರೂ ಜನ ಏಳನೇ ಹಂತ ದಾಟಿದರು.

ಇಬ್ಬರ ಪಂದ್ಯ ಈಗ ಜೋಡಿ ಆಟ. ಪಂದ್ಯ ಮುಗಿಯದೇ ಇರುವುದಕ್ಕೆ, ಒಂದೇ ಸ್ಥಿತಿ ಮೂರನೇ ಸಲ ಬಂದರೆ ಆ ಆಟ ಅಲ್ಲಿಗೆ ನಿಲ್ಲುತ್ತದೆ, ತಿಂದ ಆಡಿನ ಲೆಕ್ಕ ಉಳಿಯುತ್ತದೆ ಅಂತ ಮಾಡಿದೆವು. ಹುಲಿ ಮೊದಲಿನ ಹುಲಿಯೇ, ಬುದ್ಧಿ ಒಂದಿಷ್ಟೂ ಕಡಿಮೆ ಮಾಡಿಲ್ಲ. ಗೆಲ್ಲಲು 10 ಆಡು ಅಂತ ಮಾಡಿ ಒಂದು ಸಂಜೆ ನೋಡಿದೆವು. ಆಟ ಎಳೆದೂ ಎಳೆದೂ ಸಾಕಾಯಿತು, 5ಕ್ಕೇ ವಾಪಸ್ ಬಂದೆವು. ಮಾಂಟ್ರಿಯಲ್ ಸರ್ ಹೇಳಿದ 11ರ ಲೆಕ್ಕವನ್ನು ಪರದೆ ಮೇಲೆ ಸಣ್ಣ ದೊಡ್ಡಿಯ ಚಿತ್ರದಲ್ಲಿ ತೋರಿಸುತ್ತಿದ್ದೇವೆ. ಆಂಟಿ ಮತ್ತು ಅವರ ಮಗಳು ನಿನ್ನೆ ಒಂದೂವರೆ ಗಂಟೆ ಆಡಿದರು. ಕುಕ್ಕರ್ ಕೂಗಿದ್ದು ಇಬ್ಬರಿಗೂ ಕೇಳಲಿಲ್ಲ.

ಈಗ 19ನೇ ಹಂತದಲ್ಲಿ ಆರಕ್ಕೆ ನಾಲ್ವರು ನಿಂತಿದ್ದಾರೆ. ಹಳ್ಳ ಮೊದಲ ಸಲ ಬರುವುದು ಅಲ್ಲೇ. ಅದು ಕಷ್ಟವಾಗಿದೆಯಾ, ನೀರು ಅಂತಲೇ ಕಾಣುತ್ತಿಲ್ಲವಾ, ಇನ್ನೂ ಗೊತ್ತಿಲ್ಲ. ತಮ್ಮ ಸಂಖ್ಯೆ ಮುಟ್ಟಿಲ್ಲ. ಭಾನುವಾರ ಗೇಮ್ ನೋಡಿರದ ಇಬ್ಬರು ಬರುತ್ತಿದ್ದಾರೆ, ನೋಟ್‌ಬುಕ್ ತೆಗೆದಿಟ್ಟಿದ್ದೇನೆ.